ಐನೂರು ಜಾಸ್ತಿ ಕೊಟ್ಟರೂ ಬೇಗ ಇಳಿಯಲಾಗದು: ಒಂದು ಟ್ಯಾಂಡೆಮ್ ಹಾರಾಟದ ಪ್ರಕರಣ ಅಧ್ಯಯನ

ಪ್ರಕರಣ

2019ರ ಆಗಸ್ಟ್‌ನಲ್ಲಿ ಒಂದು ವಿಡಿಯೊ ದೇಶದ ತುಂಬ ಫೋನಿಂದ ಫೋನಿಗೆ ಹರಿದಾಡಿತು. ಮನಾಲಿಯಲ್ಲಿ ಪ್ಯಾರಾಗ್ಲೈಡರ್ ಏರಿದ ಯುವಕನೊಬ್ಬ ಸೆಲ್ಫಿ ಸ್ಟಿಕ್ ಹಿಡಿದು ತನ್ನನ್ನೇ ಚಿತ್ರಿಸಿಕೊಳ್ಳುತ್ತಿದ್ದಾನೆ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಅವನ ಧೈರ್ಯ ಉಡುಗುತ್ತದೆ. ಇಲ್ಲಿ ಬರೀ ಮಂಜು ಅನ್ನುತ್ತಾನೆ, ಹತ್ತಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಾನೆ, ಉದ್ದದ ರೈಡ್ ಬೇಡವೇ ಬೇಡ ಅನ್ನುತ್ತಾನೆ. ಕೊನೆಗೆ, ಬೇಕಾದರೆ ಐನೂರು ರೂಪಾಯಿ ಜಾಸ್ತಿ ತಗೋ, ಆದರೆ ‘ಲ್ಯಾಂಡ್ ಕರಾ ದೇ’ ಎಂದು ಹಿಂದೆ ಕೂತ ಪೈಲಟ್‌ಗೆ ಅಂಗಲಾಚುತ್ತಾನೆ. ಹಿಂದಿ ಅಷ್ಟಾಗಿ ಬಾರದವರ ವಾಟ್ಸಾಪ್ ಗುಂಪುಗಳಲ್ಲೂ ಆ ಮೂರು ಪದಗಳು ತಿಂಗಳುಗಟ್ಟಲೆ ಓಡಾಡಿದವು. ಯುವಕನಿಗೆ ಏನೂ ಆಗಲಿಲ್ಲ, ಸುಖವಾಗಿ ಇಳಿದ. ಆದ್ದರಿಂದಲೇ ಎಲ್ಲರೂ ಮನಸಾರೆ ನಗಲು ಸಾಧ್ಯವಾಯಿತು.

ಈ ಹಾರಾಟವನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣ ಆ ಕೋರಿಕೆ. ‘ಇಳಿಸಿಬಿಡು’ ಅನ್ನುವುದು ಆಟೋ ಹತ್ತಿದವನ ಮಾತು. ಆಟೋದವನು ಬದಿಗೆ ಹಾಕಿ ನಿಲ್ಲಿಸಬಲ್ಲ. ಎಂಜಿನ್ನೇ ಇಲ್ಲದ, ಗಾಳಿ ತುಂಬಿದ ಬಟ್ಟೆಯ ಕೆಳಗೆ ಇಬ್ಬರು ತೂಗಾಡುತ್ತಿರುವಾಗ ಪೈಲಟ್ ಆ ಮಾತಿಗೆ ಏನು ಮಾಡಬಲ್ಲ, ಎಷ್ಟು ನಿಮಿಷದಲ್ಲಿ ಮಾಡಬಲ್ಲ, ಇಳಿಯುವಾಗ ಯಾವುದು ಕೈಕೊಡುತ್ತದೆ? ಪ್ಯಾರಾಗ್ಲೈಡಿಂಗ್‌ನ ನಗೆಪಾಟಲಿನ ಪ್ರಸಂಗಗಳಲ್ಲಿ ಹೆಚ್ಚಿನವು ಹುಟ್ಟುವುದು ಹಾರುವಾಗ ಅಲ್ಲ, ಕೊನೆಯ ಹತ್ತು ಸೆಕೆಂಡಿನಲ್ಲಿ. ಆ ಹತ್ತು ಸೆಕೆಂಡು ಕೆಡುವುದಕ್ಕೆ ಕಾರಣವಾದರೋ ಹಾರುವ ಮೊದಲಿನ ಐದು ನಿಮಿಷದಲ್ಲೇ ಇರುತ್ತದೆ.

ಯಾರು ಎಲ್ಲಿ ಕೂತಿದ್ದಾರೆ

ಟ್ಯಾಂಡೆಮ್ ಅಂದರೆ ಜೋಡಿ ಹಾರಾಟ. ಪ್ರಯಾಣಿಕ ಮುಂದೆ, ಪೈಲಟ್ ಅವನ ಬೆನ್ನ ಹಿಂದೆ. ತಲೆಯ ಮೇಲಿನ ಆ ಬಟ್ಟೆಯೇ ರೆಕ್ಕೆ. ಒಬ್ಬರೇ ಹಾರುವ ರೆಕ್ಕೆಯ ವಿಸ್ತೀರ್ಣ 22ರಿಂದ 30 ಚದರ ಮೀಟರ್ ಇದ್ದರೆ, ಜೋಡಿ ರೆಕ್ಕೆಯದು ಸುಮಾರು 40. ಅದರಿಂದ ಇಳಿಬಿದ್ದ ತೆಳು ದಾರಗಳೆಲ್ಲ ಎಡಕ್ಕೊಂದು ಬಲಕ್ಕೊಂದು ರೈಸರ್ ಪಟ್ಟಿಗೆ ಬಂದು ಸೇರುತ್ತವೆ. ರೈಸರ್‌ನ ಕೆಳಗೆ, ಅದೇ ಎರಡು ಬದಿಗಳಲ್ಲಿ, ‘ಸ್ಪ್ರೆಡರ್’ ಎಂಬ ತೋಳು ಇರುತ್ತದೆ. ಅದರ ಒಂದು ತುದಿಗೆ ಪ್ರಯಾಣಿಕನ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳ ಸೀಟು), ಇನ್ನೊಂದು ತುದಿಗೆ ಪೈಲಟ್‌ನದು, ಎರಡೂ ಕ್ಯಾರಬಿನರ್ ಕೊಂಡಿಯಿಂದ ತಗುಲಿಕೊಂಡಿರುತ್ತವೆ. ಸ್ಪ್ರೆಡರ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೊಂಡಿ ಹಾಕಬಹುದು. ಪ್ರಯಾಣಿಕ ಹಗುರವೋ ಭಾರವೋ ನೋಡಿ ಪೈಲಟ್ ಜಾಗ ಬದಲಿಸುತ್ತಾನೆ, ಮಕ್ಕಳು ಸೀಸಾ ಆಡುವಾಗ ದಪ್ಪಗಿರುವವನು ನಡುವಿನತ್ತ ಸರಿದು ಕೂರುವಂತೆ. ತೂಕ ಎಷ್ಟು ಎಂದು ಕೇಳಿದಾಗ ಸಂಕೋಚಪಟ್ಟು ಹತ್ತು ಕಿಲೋ ಕಡಿಮೆ ಹೇಳುವವರು ಉಂಟು. ಹಾಗೆ ಹೇಳಬಾರದು. ಆ ಹತ್ತು ಕಿಲೋ ಇಳಿಯುವ ಹೊತ್ತಿಗೆ ಪೈಲಟ್‌ನ ಮೊಣಕಾಲ ಮೇಲೆ ಬರುತ್ತದೆ.

ರೆಕ್ಕೆಯ ಹಿಂಬದಿಯನ್ನು ಎಳೆದು ವೇಗ ತಗ್ಗಿಸುವ, ತಿರುಗಿಸುವ ಬ್ರೇಕ್ ಹಿಡಿ ಎರಡೂ ಪೈಲಟ್‌ನ ಕೈಯಲ್ಲಿ. ಪ್ರಯಾಣಿಕನ ಕೈಗೆ ಹಿಡಿಯಲು ಸಿಗುವುದು ಅವನ ಹಾರ್ನೆಸ್‌ನ ಭುಜದ ಪಟ್ಟಿ ಅಥವಾ ಸ್ಪ್ರೆಡರ್. ಹೆದರಿದ ಕೈ ಮಾತ್ರ ಅಲ್ಲಿಗೆ ಹೋಗುವುದಿಲ್ಲ, ಮೇಲಕ್ಕೆ ಹೋಗಿ ಕಣ್ಣೆದುರಿಗಿರುವ ದಾರಗಳನ್ನು ಹಿಡಿಯುತ್ತದೆ. ಅದನ್ನು ಎಳೆದರೆ ರೆಕ್ಕೆಯ ಆಕಾರ ಕೆಡುತ್ತದೆ. ಹಾರುವ ಮೊದಲೇ ಪ್ರಯಾಣಿಕನ ಎರಡೂ ಕೈ ಹಿಡಿದು ‘ಇಲ್ಲಿ ಹಿಡ್ಕೊಳ್ಳಿ’ ಎಂದು ಪಟ್ಟಿಯ ಮೇಲೆ ಇಟ್ಟು ತೋರಿಸುವ ಪೈಲಟ್ ಅದಕ್ಕೆ ಹತ್ತು ಸೆಕೆಂಡು ಖರ್ಚು ಮಾಡಿರುತ್ತಾನೆ, ಅಷ್ಟೆ. ಬಾಯಲ್ಲಿ ಹೇಳಿದ್ದು ಮೇಲೆ ಹೋದಾಗ ಮರೆತುಹೋಗುತ್ತದೆ, ಕೈಗೆ ಗೊತ್ತಾದದ್ದು ಮರೆಯುವುದಿಲ್ಲ.

ಇನ್ನು ಆ ಸೆಲ್ಫಿ ಸ್ಟಿಕ್. ಪ್ರಕರಣದ ಯುವಕನ ಕೈಯಲ್ಲಿ ಅದಿಲ್ಲದಿದ್ದರೆ ದೇಶಕ್ಕೆ ಈ ನಗು ಸಿಗುತ್ತಿರಲಿಲ್ಲ. ಹಾರಾಟದ ಮಟ್ಟಿಗೆ ಹೇಳುವುದಾದರೆ ಅದು ಮುಕ್ಕಾಲು ಮೀಟರ್ ಉದ್ದದ ಒಂದು ಕೋಲು. ಅದನ್ನು ಹಿಂದಕ್ಕೆ ಬೀಸಿದರೆ ಪೈಲಟ್‌ನ ಮುಖ, ಮೇಲಕ್ಕೆತ್ತಿದರೆ ದಾರಗಳು, ಕೈಬಿಟ್ಟರೆ ಕೆಳಗೆ ಸೇಬಿನ ತೋಟದಲ್ಲಿ ಕೆಲಸ ಮಾಡುವವರ ತಲೆ. ಇಳಿಯುವಾಗ ಒಂದು ಕೈ ಅದಕ್ಕೇ ಮೀಸಲಾಗಿ, ಬಿದ್ದರೆ ಊರಿಕೊಳ್ಳಲು ಇನ್ನೊಂದೇ ಕೈ ಉಳಿಯುತ್ತದೆ. ಕೊಂಡೊಯ್ಯಲೇಬೇಕು ಅಂದರೆ ಮಣಿಕಟ್ಟಿಗೆ ದಾರ ಕಟ್ಟಿ, ಆ ದಾರವನ್ನು ಹಾರ್ನೆಸ್‌ಗೂ ಬಿಗಿದಿರಬೇಕು. ನೆಲದಿಂದ 50 ಮೀಟರ್ ಎತ್ತರದಲ್ಲಿರುವಾಗಲೇ ಮಡಚಿ ಎದೆಯೊಳಗೆ ತುರುಕಿರಬೇಕು.

‘ಈಗಲೇ ಇಳಿಸು’ ಅನ್ನುವುದರ ಲೆಕ್ಕ

ಕುಲ್ಲು ಮನಾಲಿ ಕಡೆ ಸೋಲಂಗ್‌ನಂಥ ಕಿರು ಇಳಿಜಾರುಗಳಿವೆ, ಅದಕ್ಕಿಂತ ಎತ್ತರದಿಂದ ಹಾರುವ ಜಾಗಗಳೂ ಇವೆ. ಕಾಂಗ್ಡಾ ಜಿಲ್ಲೆಯ ಬೀರ್ ಬಿಲ್ಲಿಂಗ್‌ನಲ್ಲಿ, 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಪಂದ್ಯ ನಡೆದ ಜಾಗದಲ್ಲಿ, ಹಾರುವ ಬಿಲ್ಲಿಂಗ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಇಳಿಯುವ ಬೀರ್ ಅದಕ್ಕಿಂತ ಹತ್ತಿರಹತ್ತಿರ 900 ಮೀಟರ್ ಕೆಳಗೆ.

ನಿಶ್ಚಲ ಗಾಳಿಯಲ್ಲಿ ಜೋಡಿ ರೆಕ್ಕೆ ಸೆಕೆಂಡಿಗೆ ಸುಮಾರು 1.2 ಮೀಟರ್ ಇಳಿಯುತ್ತದೆ. 300 ಮೀಟರ್ ಎತ್ತರದಲ್ಲಿ ‘ಇಳಿಸಿಬಿಡು’ ಅಂದರೆ ಏನನ್ನೂ ಮಾಡದೆ ಬಿಟ್ಟರೂ ನೆಲ ಮುಟ್ಟಲು 250 ಸೆಕೆಂಡು, ಅಂದರೆ ನಾಲ್ಕು ನಿಮಿಷ. ಬಿಲ್ಲಿಂಗ್‌ನಿಂದ ಹಾರಿದ ಕೂಡಲೇ ಅಂದರೆ ಹನ್ನೆರಡು ನಿಮಿಷಕ್ಕೂ ಮೇಲೆ. ಇದು ದುಡ್ಡಿಗೆ ಬಗ್ಗುವ ಲೆಕ್ಕ ಅಲ್ಲ.

ಇದರ ನಡುವೆ ಬಿಸಿಗಾಳಿಯ ಸ್ತಂಭ ಬರಬಹುದು, ಥರ್ಮಲ್. ಬಿಸಿಲಿಗೆ ಕಾದ ಇಳಿಜಾರಿನಿಂದ ಗಾಳಿ ಮೇಲೇಳುತ್ತಿರುತ್ತದೆ. ಅದು ಸೆಕೆಂಡಿಗೆ ಮೂರು ಮೀಟರಿಗೂ ಹೆಚ್ಚು ವೇಗದಲ್ಲಿ ಏರುತ್ತಿದ್ದರೆ 1.2 ಮೀಟರ್ ಇಳಿಯುವ ರೆಕ್ಕೆ ಒಟ್ಟಿನಲ್ಲಿ ಏರುತ್ತದೆ, ನಿಮಿಷಕ್ಕೆ ನೂರು ಮೀಟರಿಗೂ ಹೆಚ್ಚು. ಪೈಲಟ್‌ನ ಹತ್ತಿರ ವೇರಿಯೋಮೀಟರ್ ಎಂಬ ಪುಟ್ಟ ಉಪಕರಣ ಇರುತ್ತದೆ. ಏರುವಾಗ ಅದು ‘ಪೀ ಪೀ’ ಅನ್ನುತ್ತದೆ, ಏರಿಕೆ ಜೋರಾದಷ್ಟೂ ದನಿ ಚುರುಕಾಗುತ್ತದೆ, ಇಳಿಯುವಾಗ ಮೌನವಾಗುತ್ತದೆ ಅಥವಾ ದಪ್ಪ ದನಿಯಲ್ಲಿ ಗೊಣಗುತ್ತದೆ. ಮುಂದೆ ಕೂತವನು ಇಳಿಸು ಇಳಿಸು ಎಂದು ಗೋಗರೆಯುವಾಗ ಹಿಂದಿನಿಂದ ಪೀಪೀಪೀಪೀ ಕೇಳಿಸುವುದು ಟ್ಯಾಂಡೆಮ್‌ನಲ್ಲಿ ಆಗಾಗ ನಡೆಯುವ ಸಂಗತಿ. ಪ್ರಯಾಣಿಕ ಅದನ್ನು ಅಪಾಯದ ಗಂಟೆ ಅಂದುಕೊಂಡು ಇನ್ನಷ್ಟು ಹೆದರುತ್ತಾನೆ. ಹಾರುವ ಮೊದಲೇ ‘ಈ ಪೀಪೀ ಒಳ್ಳೇದು, ಮೇಲೆ ಹೋಗ್ತಿದ್ದೀವಿ ಅಂತ ಅರ್ಥ’ ಎಂದು ಒಂದು ಮಾತು ಹೇಳಿಟ್ಟರೆ ಅರ್ಧ ಭಯ ಹೋಗುತ್ತದೆ. ಹೆದರಿದವನು ಮುಂದಿದ್ದರೆ ವೇರಿಯೋದ ದನಿಯನ್ನೇ ಆರಿಸಿಬಿಡುವುದು ಇನ್ನೂ ಒಳ್ಳೆಯದು.

ಬೇಗ ಇಳಿಸುವ ದಾರಿಗಳಿಲ್ಲವೇ? ಇವೆ. ಮೊದಲನೆಯದು ‘ಬಿಗ್ ಇಯರ್ಸ್’, ಕನ್ನಡದಲ್ಲಿ ಕಿವಿ ಮಡಚುವುದು ಅನ್ನೋಣ. ರೆಕ್ಕೆಯ ಎರಡೂ ತುದಿಗಳ ಮುಂಚೂಣಿಯ ದಾರಗಳನ್ನು ಕೆಳಕ್ಕೆಳೆದರೆ ತುದಿಗಳು ಮಡಚಿಕೊಂಡು ಆನೆಯ ಕಿವಿಯಂತೆ ಜೋತುಬೀಳುತ್ತವೆ. ಗಾಳಿ ಹಿಡಿಯುವ ಬಟ್ಟೆ ಕಡಿಮೆಯಾಗುತ್ತದೆ, ಇಳಿಯುವ ವೇಗ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟಾಗುತ್ತದೆ, ನಾಲ್ಕು ನಿಮಿಷದ ದಾರಿ ಎರಡು ನಿಮಿಷವಾಗುತ್ತದೆ. ಮೈಗೆ ಏನೂ ತೊಂದರೆ ಅನ್ನಿಸದು. ಒಂದೇ ಎಚ್ಚರಿಕೆ: ತಲೆಯೆತ್ತಿ ನೋಡಿದ ಪ್ರಯಾಣಿಕನಿಗೆ ರೆಕ್ಕೆ ಮುದುಡಿದ್ದು ಕಾಣುತ್ತದೆ. ‘ನೀವೇ ಕೇಳಿದ್ರಲ್ಲ, ಅದಕ್ಕೇ ಮಡಚಿದ್ದೀನಿ’ ಎಂದು ಮೊದಲೇ ಹೇಳದಿದ್ದರೆ ಕಿರುಚಾಟ ದುಪ್ಪಟ್ಟಾಗುತ್ತದೆ.

ಎರಡನೆಯದು ಸ್ಪೈರಲ್. ರೆಕ್ಕೆಯನ್ನು ಒಂದೇ ಬದಿಗೆ ಬಿಗಿಯಾಗಿ ತಿರುಗಿಸಿ ಬುಗುರಿಯಂತೆ ಸುತ್ತಿಸುತ್ತ ಇಳಿಸುವುದು. ಸೆಕೆಂಡಿಗೆ 8 ಮೀಟರ್ ಲೆಕ್ಕದಲ್ಲಿ 300 ಮೀಟರ್ ಮುಗಿಯಲು 40 ಸೆಕೆಂಡೂ ಬೇಡ. ಆದರೆ ದೇಹದ ಮೇಲೆ ಎರಡು ಮೂರು ಪಟ್ಟು ಭಾರ ಬೀಳುತ್ತದೆ, 75 ಕಿಲೋದವನಿಗೆ ತಾನು 150 ಕಿಲೋ ಆದೆ ಅನ್ನಿಸುತ್ತದೆ. ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಕಣ್ಣು ಕತ್ತಲಿಡಬಹುದು, ಬೆಳಗಿನ ಪರಾಠ ಹೊರಗೆ ಬರಬಹುದು. ಮುಂದಿನವನು ಮಾಡಿದ ವಾಂತಿ ಗಾಳಿಯ ಜೊತೆ ಹಿಂದಿನವನ ಮೇಲೇ ಬರುತ್ತದೆ, ಇದು ಟ್ಯಾಂಡೆಮ್ ಪೈಲಟ್‌ಗಳೆಲ್ಲರಿಗೂ ಗೊತ್ತಿರುವ ಸತ್ಯ. ಹೆದರಿ ಸೆಟೆದುಕೊಂಡವನನ್ನು ಬೇಗ ಇಳಿಸಲೆಂದು ಸ್ಪೈರಲ್ ಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಮೋಡ ಮೇಲೆಳೆಯುತ್ತಿದ್ದರೆ, ಅಥವಾ ಹವಾಮಾನ ಕೆಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದು.

ಬೇಗ ಕೆಳಗಿಳಿದರೂ ಎಲ್ಲಿ ಇಳಿಯುವುದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮನಾಲಿ ಕಣಿವೆಯ ತಳದಲ್ಲಿ ಬಿಯಾಸ್ ನದಿ ಇದೆ, ಸೇಬಿನ ತೋಟಗಳಿವೆ, ದೇವದಾರು ಮರಗಳಿವೆ, ವಿದ್ಯುತ್ ತಂತಿಗಳಿವೆ. ಗಾಳಿ ಸಮವಾಗಿದ್ದರೆ ರೆಕ್ಕೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರ್ ಮುಂದೆ ಸಾಗುತ್ತದೆ. 300 ಮೀಟರ್ ಎತ್ತರ ಅಂದರೆ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರದ ಗದ್ದೆಯನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ. ಗಾಬರಿಯಲ್ಲಿ ಎತ್ತರ ಕಳೆದುಕೊಂಡರೆ ಆ ಸ್ವಾತಂತ್ರ್ಯವೂ ಅದರ ಜೊತೆ ಹೋಗುತ್ತದೆ. ಪೈಲಟ್‌ಗೆ ಎತ್ತರವೇ ಬಂಡವಾಳ.

ಮಂಜಿನ ಮಾತಿಗೂ ಒಂದೆರಡು ಸಾಲು. ತೆಳು ಮಂಜು ದೂರದ ಬೆಟ್ಟವನ್ನು ಮಸುಕಾಗಿಸಿದರೆ ಚಿಂತೆಯಿಲ್ಲ. ನೆಲವೇ ಕಾಣದಷ್ಟು ಕವಿದರೆ ಅಲ್ಲಿ ಹಾರುವ ಹಾಗಿಲ್ಲ, ಏಕೆಂದರೆ ಪ್ಯಾರಾಗ್ಲೈಡಿಂಗ್ ಪೂರ್ತಿ ಕಣ್ಣಳತೆಯ ಮೇಲೆ ನಡೆಯುವ ವಿದ್ಯೆ. ಹಿಮಾಚಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲಕ್ಕೆಂದು ಹಾರಾಟವನ್ನೇ ನಿಲ್ಲಿಸುವುದು ಇಂಥ ಕಾರಣಕ್ಕೇ. ಆ ಎರಡು ತಿಂಗಳಲ್ಲಿ ಯಾರಾದರೂ ‘ಬನ್ನಿ, ಹಾರಿಸ್ತೀನಿ’ ಎಂದು ಕರೆದರೆ ಹೋಗಬೇಡಿ.

ಕಾಲಿನ ಕಥೆ

ನಗುವಿನ ಗಣಿ ಇರುವುದು ಇಲ್ಲೇ, ಕಾಲಿನಲ್ಲಿ.

ರೆಕ್ಕೆ ಗಾಳಿಯಲ್ಲಿ ಸಾಗುವ ವೇಗ ಗಂಟೆಗೆ ಸುಮಾರು 38 ಕಿಲೋಮೀಟರ್. ಎದುರಿನಿಂದ 15 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ನೆಲದ ಮೇಲಿನ ವೇಗ 23ಕ್ಕೆ ಇಳಿಯುತ್ತದೆ, ಕೊನೆಯಲ್ಲಿ ಬ್ರೇಕ್ ಎಳೆದು ‘ಫ್ಲೇರ್’ ಮಾಡಿದರೆ ನಡಿಗೆಯಷ್ಟಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬೀಸಿದರೆ 53. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ದಾಖಲೆ ಓಟ ಓಡಿದಾಗ ಮುಟ್ಟಿದ ಗರಿಷ್ಠ ವೇಗವೂ 45ನ್ನು ದಾಟಿರಲಿಲ್ಲ. ಹೊಟ್ಟೆ ಬಂದ ಪ್ರವಾಸಿಯೊಬ್ಬ, ಬೆನ್ನಿಗೆ ಇನ್ನೊಬ್ಬನನ್ನು ಕಟ್ಟಿಕೊಂಡು, ಬೋಲ್ಟ್‌ನನ್ನು ಹಿಂದಿಕ್ಕಬೇಕು ಅಂದಂತಾಯಿತು. ನೆಲಕ್ಕೆ ಗುದ್ದುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 23ರ ಬದಲು 53ರಲ್ಲಿ ಇಳಿದರೆ ಅದು ಐದು ಪಟ್ಟಿಗೂ ಹೆಚ್ಚಾಗುತ್ತದೆ. ಮೂಗು ಮುಂದಾಗಿ ಮಣ್ಣಿನಲ್ಲಿ ಗೆರೆ ಎಳೆದುಕೊಂಡು ಹೋಗುವ ವಿಡಿಯೊಗಳಲ್ಲಿ ಹಿಂಬದಿಯ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ನೋಡಿ. ಹಲವು ಸಲ ಅದು ಅವರು ಹೋಗುತ್ತಿರುವ ದಿಕ್ಕಿಗೇ ಬಾಲ ಚಾಚಿರುತ್ತದೆ. ವಿಂಡ್‌ಸಾಕ್ ಇಲ್ಲದ ಕಡೆ ಒಲೆಯ ಹೊಗೆ, ಬಾವುಟ, ಒಣಹಾಕಿದ ಸೀರೆ, ಕೆರೆಯ ನೀರಿನ ಮೇಲಿನ ಗೆರೆಗಳು, ಯಾವುದಾದರೂ ಒಂದು ಗಾಳಿಯ ದಿಕ್ಕನ್ನು ಹೇಳಿಯೇ ಹೇಳುತ್ತದೆ.

ಫ್ಲೇರ್ ಅಂದರೆ ಕೊನೆಯಲ್ಲಿ ಎರಡೂ ಬ್ರೇಕ್ ಪೂರ್ತಿ ಎಳೆಯುವುದು. ಕಾಗೆ ಕೊಂಬೆಯ ಮೇಲೆ ಕೂರುವ ಮೊದಲು ರೆಕ್ಕೆಯನ್ನು ಅಡ್ಡಲಾಗಿ ಹರಡಿ ನಿಲ್ಲುವುದಿಲ್ಲವೇ, ಅದೇ. ಕಾಲು ನೆಲದಿಂದ ಎರಡು ಮೂರು ಮೀಟರ್ ಮೇಲಿರುವಾಗ ಶುರು ಮಾಡಿ, ನೆಲ ಮುಟ್ಟುವ ಹೊತ್ತಿಗೆ ಕೈ ಪೂರ್ತಿ ಕೆಳಗಿರಬೇಕು. ಐದಾರು ಮೀಟರ್ ಎತ್ತರದಲ್ಲೇ ಎಳೆದುಬಿಟ್ಟರೆ ರೆಕ್ಕೆ ಅಲ್ಲೇ ನಿಂತು, ಆಮೇಲೆ ಇಬ್ಬರನ್ನೂ ಗೋಣಿಚೀಲದಂತೆ ಕೆಳಗೆ ಕೆಡವುತ್ತದೆ. ಎಳೆದದ್ದು ತಪ್ಪಾಯಿತೆಂದು ಗಾಬರಿಯಲ್ಲಿ ಕೈ ಮೇಲೆ ಬಿಟ್ಟರೆ ರೆಕ್ಕೆ ಮುಂದಕ್ಕೆ ಹಾರಿ ಇನ್ನೂ ಕೆಟ್ಟದಾಗುತ್ತದೆ. ಎಳೆದ ಕೈಯನ್ನು ಅಲ್ಲಲ್ಲೇ ಹಿಡಿದು, ನೆಲ ಹತ್ತಿರವಾದಾಗ ಉಳಿದದ್ದನ್ನು ಎಳೆಯಬೇಕು.

ಇದೆಲ್ಲ ಪೈಲಟ್‌ನ ಪಾಲು. ಪ್ರಯಾಣಿಕನ ಪಾಲಿಗೆ ಬರುವುದು ಒಂದೇ ಕೆಲಸ: ಕಾಲನ್ನು ಏನು ಮಾಡಬೇಕು?

ಇದಕ್ಕೆ ಎರಡು ಪದ್ಧತಿಗಳಿವೆ. ಒಂದು, ನೆಲಕ್ಕೆ 20–30 ಮೀಟರ್ ಇರುವಾಗ ಸೀಟಿನಿಂದ ಮುಂದೆ ಜಾರಿ, ಕಾಲು ಕೆಳಗೆ ಬಿಟ್ಟು ನಿಂತ ಭಂಗಿಗೆ ಬಂದು, ನೆಲ ಸಿಕ್ಕಾಗ ನಾಲ್ಕಾರು ಹೆಜ್ಜೆ ಓಡುವುದು. ಇನ್ನೊಂದು, ಕಾಲನ್ನು ಮುಂದಕ್ಕೆ ಮೇಲೆತ್ತಿ, ಹಾರ್ನೆಸ್ ತಳದ ದಪ್ಪ ಫೋಮ್ ಅಥವಾ ಗಾಳಿದಿಂಬಿನ ಮೇಲೆ ಹುಲ್ಲಿನಲ್ಲಿ ಜಾರುವುದು. ಹಿಮಾಚಲದ ಪ್ರವಾಸಿ ಹಾರಾಟಗಳಲ್ಲಿ ‘ಪೈರ್ ಊಪರ್’ (ಕಾಲು ಮೇಲೆ) ಎಂಬ ಕೂಗು ಕೇಳುವುದು ಈ ಎರಡನೆಯದಕ್ಕೆ. ಓಡಲಾರದವರಿಗೆ, ಹೆದರಿ ಕಾಲು ಮರಗಟ್ಟಿದವರಿಗೆ, ಮೆತ್ತನೆ ಹುಲ್ಲಿದ್ದರೆ ಅದು ಸರಿಯೇ. ಕಲ್ಲುನೆಲದಲ್ಲಿ ಕುಂಡೆಯ ಮೇಲೆ ಬಿದ್ದರೆ ಏಟು ನೇರ ಬೆನ್ನುಮೂಳೆಗೆ ಹೋಗುತ್ತದೆ. ಮೊಣಕಾಲು, ಪಾದದ ಗಂಟು ಎರಡೂ ಸ್ಪ್ರಿಂಗಿನ ಹಾಗೆ, ಆ ಸ್ಪ್ರಿಂಗನ್ನು ಮಡಚಿಟ್ಟು ಕೂತಂತಾಗುತ್ತದೆ. ಅದಕ್ಕೇ ಓಡಬಲ್ಲವರನ್ನು ಓಡಿಸುವುದು ವಾಸಿ.

ಎಡವಟ್ಟಾಗುವುದು ಎರಡೂ ಬೆರೆತಾಗ. ಪೈಲಟ್ ‘ಓಡು’ ಅನ್ನುತ್ತಾನೆ, ಪ್ರಯಾಣಿಕ ಹೆದರಿ ಮಂಡಿಯನ್ನು ಎದೆಗೆ ಅವುಚಿಕೊಳ್ಳುತ್ತಾನೆ. ಅವನು ಗಾಡಿಗೆ ಹಾಕಿದ ಬ್ರೇಕಿನಂತೆ ನೆಲಕ್ಕೆ ಕಚ್ಚಿಕೊಳ್ಳುತ್ತಾನೆ. ಹಿಂದೆ ಓಡಲು ಸಿದ್ಧನಾಗಿದ್ದ ಪೈಲಟ್‌ನ ವೇಗ ಹಾಗೇ ಇದೆ, ಅವನು ಪ್ರಯಾಣಿಕನ ಬೆನ್ನೇರಿ ಆಚೆಗೆ ಉರುಳುತ್ತಾನೆ. ಆಮೇಲೆ ರೆಕ್ಕೆ ಬಂದು ಇಬ್ಬರನ್ನೂ ಮುಚ್ಚುತ್ತದೆ. 40 ಚದರ ಮೀಟರ್ ಬಣ್ಣದ ಬಟ್ಟೆಯೊಳಗೆ ನಾಲ್ಕು ಕೈ ನಾಲ್ಕು ಕಾಲು ತಡಕಾಡುತ್ತ, ಎಲ್ಲಿ ಬಾಗಿಲು ಅಂತ ಹುಡುಕುವುದು ಕಾಣುತ್ತದೆ. ಗಾಳಿ ಕಡಿಮೆಯಿದ್ದು ನೆಲ ಮೆತ್ತಗಿದ್ದರೆ ಯಾರಿಗೂ ಏನೂ ಆಗದೆ, ಸುತ್ತ ನಿಂತ ಮಕ್ಕಳಿಗೆ ಒಂದು ವಾರಕ್ಕಾಗುವಷ್ಟು ನಗು ಸಿಗುತ್ತದೆ.

ಇದರ ತದ್ವಿರುದ್ಧದ್ದು ಇನ್ನೂ ಚೆಂದ. ಇಳಿಯುವಾಗ ಓಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿಸಿಕೊಂಡ ಪ್ರಯಾಣಿಕ ನೆಲ ಇನ್ನೂ ಹತ್ತು ಮೀಟರ್ ಕೆಳಗಿರುವಾಗಲೇ ಗಾಳಿಯಲ್ಲಿ ಓಡಲು ಶುರು ಮಾಡುತ್ತಾನೆ, ಸೈಕಲ್ ತುಳಿದಂತೆ. ಇದರಿಂದ ಹಾನಿ ಏನೂ ಇಲ್ಲ. ನೆಲ ಸಿಕ್ಕಾಗ ಅವನ ಕಾಲು ಆಗಲೇ ಓಟದಲ್ಲಿರುತ್ತದೆ. ನೋಡುವವರು ನಕ್ಕರೆ ನಗಲಿ, ಪೈಲಟ್‌ಗೆ ಇಷ್ಟವಾಗುವ ಪ್ರಯಾಣಿಕ ಇವನೇ.

ಹಾರುವಾಗಲೂ ಇದೇ ಪಾಡು. ಇಳಿಜಾರಿನಲ್ಲಿ ಓಡುತ್ತ ರೆಕ್ಕೆ ಸ್ವಲ್ಪ ಎತ್ತಿದ ಕೂಡಲೇ ಪ್ರಯಾಣಿಕ ‘ಹಾರಿದೆ’ ಎಂದು ತಿಳಿದು ಕೂತುಬಿಡುತ್ತಾನೆ. ರೆಕ್ಕೆಗೆ ಬೇಕಾದ ವೇಗ ಇನ್ನೂ ಬಂದಿರುವುದಿಲ್ಲ. ಮತ್ತೆ ನೆಲ, ಮತ್ತೆ ಕುಂಡೆ, ಇಬ್ಬರೂ ಇಳಿಜಾರಿನ ಹುಲ್ಲಿನಲ್ಲಿ ಜಾರುಬಂಡೆ. ಕಾಲಿಗೆ ನೆಲ ಸಿಗದಿದ್ದರೂ ಪೈಲಟ್ ‘ಕೂರು’ ಅನ್ನುವ ತನಕ ಓಡುತ್ತಲೇ ಇರಬೇಕು.

ಭಾಷೆಯೂ ಒಂದು ಉಪಕರಣ

ಕರ್ನಾಟಕದಿಂದ ಬೀರ್‌ಗೋ ಮನಾಲಿಗೋ ಹೋಗುವವರಿಗೆ ಇದೊಂದು ವಿಶೇಷವಾಗಿ ಹೇಳಬೇಕಾದ್ದು. ಅಲ್ಲಿನ ಪೈಲಟ್ ಹಿಂದಿಯಲ್ಲಿ ‘ಭಾಗೋ’, ‘ಬೈಠೋ’, ‘ಪೈರ್ ಊಪರ್’ ಅನ್ನುತ್ತಾನೆ. ನೆಲದ ಮೇಲೆ ಚಹಾ ಕುಡಿಯುತ್ತ ಕೇಳಿದರೆ ಎಲ್ಲವೂ ಅರ್ಥವಾಗುತ್ತದೆ. ಭಯದಲ್ಲಿ ಮೊದಲು ಕೈಕೊಡುವುದು ಆಮೇಲೆ ಕಲಿತ ಭಾಷೆ. ‘ಪೈರ್’ ಅಂದರೆ ಯಾವುದಪ್ಪಾ ಎಂದು ಮನಸ್ಸು ತಡಕಾಡುವಷ್ಟರಲ್ಲಿ ಎರಡು ಸೆಕೆಂಡು ಹೋಗುತ್ತದೆ, ಆ ಎರಡು ಸೆಕೆಂಡಿನಲ್ಲಿ ನೆಲ ಬಂದಿರುತ್ತದೆ. ಇನ್ನು ಕೆಲವರು ಬರೀ ‘ಊಪರ್’ ಅಷ್ಟನ್ನು ಕೇಳಿಸಿಕೊಂಡು ತಲೆಯೆತ್ತಿ ಆಕಾಶ ನೋಡುತ್ತಾರೆ.

ಪರಿಹಾರ ಸುಲಭ. ಹಾರುವ ಮೊದಲು ಪೈಲಟ್‌ಗೆ ಮೂರೇ ಕನ್ನಡ ಪದ ಕಲಿಸಿ: ಓಡು, ಕೂರು, ಕಾಲೆತ್ತು. ಅವರೂ ಖುಷಿಯಿಂದ ಕಲಿಯುತ್ತಾರೆ. ಆಮೇಲೆ ನೆಲದ ಮೇಲೇ ಒಂದು ಸಲ ಆಡಿಸಿ ನೋಡಿ, ಅವರು ಕೂಗಲಿ, ನೀವು ಮಾಡಿ. ಅಮ್ಮನನ್ನೋ ಅತ್ತೆಯನ್ನೋ ಹಾರಿಸುತ್ತಿದ್ದರಂತೂ ಇದನ್ನು ಬಿಡಲೇಬೇಡಿ.

ಇಳಿದ ಮೇಲೆ, ಅಥವಾ ಇಳಿಯಲಾಗದೆ ಉಳಿದ ಮೇಲೆ

ಮೆರೆದು ಇಳಿದವರೂ ಸೋಲುವುದು ಇಳಿದ ನಂತರದ ಅರ್ಧ ನಿಮಿಷದಲ್ಲಿ. ಕಾಲು ನೆಲಕ್ಕೆ ತಾಗಿದೆ, ಕೈಯೆತ್ತಿ ಫೋಟೊಗೆ ನಿಂತಿದ್ದಾರೆ, ಹಿಂದೆ ರೆಕ್ಕೆಗೆ ಇನ್ನೂ ಗಾಳಿ ಹಿಡಿಯುತ್ತಿದೆ. ಅದು ಪಟದಂತೆ ಉಬ್ಬಿ ಇಬ್ಬರನ್ನೂ ಹಿಂದು ಹಿಂದಾಗಿ ಗದ್ದೆಯ ಬದುವಿನವರೆಗೆ ಎಳೆದುಕೊಂಡು ಹೋಗುತ್ತದೆ. ಇಳಿದ ಕೂಡಲೇ ಪೈಲಟ್ ರೆಕ್ಕೆಯ ಕಡೆ ತಿರುಗಿ ಹಿಂಬದಿಯ ದಾರಗಳನ್ನೋ ಒಂದು ಬ್ರೇಕನ್ನೋ ಪೂರ್ತಿ ಎಳೆದು ಅದನ್ನು ಮಲಗಿಸಬೇಕು. ರೆಕ್ಕೆ ಮಲಗುವ ತನಕ ಹಾರಾಟ ಮುಗಿದಿಲ್ಲ.

ಗುರಿ ಇಳಿಕೆಯ ಸ್ಪರ್ಧೆಗಳಲ್ಲಿ ಇದನ್ನು ನಿಯಮವಾಗಿಯೇ ಬರೆದಿದ್ದಾರೆ. ಅಂಗೈಗಿಂತ ಚಿಕ್ಕದಾದ ಬಿಲ್ಲೆಯನ್ನು ಕಾಲಿನಿಂದ ಮುಟ್ಟಬೇಕು, ಎಷ್ಟು ಸೆಂಟಿಮೀಟರ್ ತಪ್ಪಿತೋ ಅಷ್ಟು ಅಂಕ, ಕಡಿಮೆ ಬಂದವರು ಗೆದ್ದಂತೆ. ಬಿಲ್ಲೆಯ ನಟ್ಟನಡುವೆಯೇ ಕಾಲಿಟ್ಟರೂ ರೆಕ್ಕೆ ನೆಲ ಮುಟ್ಟುವ ಮೊದಲು ಮಂಡಿಯೋ ಕುಂಡೆಯೋ ನೆಲಕ್ಕೆ ತಾಗಿದರೆ ಅದು ಬಿದ್ದ ಲೆಕ್ಕ, ಅತಿ ಹೆಚ್ಚಿನ ಅಂಕ ಬರೆಯುತ್ತಾರೆ. 2018ರ ಏಷ್ಯನ್ ಗೇಮ್ಸ್‌ನಲ್ಲೂ ಪ್ಯಾರಾಗ್ಲೈಡಿಂಗ್ ಇತ್ತು.

ಮರದ ಮೇಲೆ ಇಳಿದವರದು ಬೇರೆಯೇ ಸಂಗತಿ. ಕೆಳಗಿನವರಿಗೆ ಅದು ನಗೆ, ಏಕೆಂದರೆ ಮೇಲಿನವನು ಹಣ್ಣಿನಂತೆ ಜೋತಾಡುತ್ತ ‘ನಾನು ಆರಾಮ್’ ಎಂದು ಕೂಗುತ್ತಿರುತ್ತಾನೆ. ಅಲ್ಲಿಯವರೆಗೆ ಹಲವು ಸಲ ಏಟೇನೂ ಬಿದ್ದಿರುವುದಿಲ್ಲ, ಕೈಕಾಲು ಮುರಿಯುವುದು ಅವಸರಪಟ್ಟು ಕೊಂಡಿ ಬಿಚ್ಚಿ ಧುಮುಕಿದಾಗ. ಮಾಡಬೇಕಾದ್ದು ಮೊದಲು ಕಾಂಡವನ್ನೋ ಗಟ್ಟಿ ಕೊಂಬೆಯನ್ನೋ ತಬ್ಬಿಕೊಳ್ಳುವುದು, ಆಮೇಲೆ ಪಟ್ಟಿಯಿಂದ ತನ್ನನ್ನು ಅದಕ್ಕೆ ಬಿಗಿದುಕೊಳ್ಳುವುದು, ಆಮೇಲೆ ಕಾಯುವುದು. ಅನುಭವಿ ಪೈಲಟ್‌ಗಳು ಹಾರ್ನೆಸ್ ಕಿಸೆಯಲ್ಲಿ ಹಲ್ಲಿನ ಸಂದಿ ಉಜ್ಜುವ ಡೆಂಟಲ್ ಫ್ಲಾಸ್‌ನ ಪುಟ್ಟ ಡಬ್ಬಿ ಇಟ್ಟುಕೊಳ್ಳುವುದು ಇದಕ್ಕೇ. ಹತ್ತಾರು ಮೀಟರ್ ಉದ್ದದ ಗಟ್ಟಿ ನೂಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಜಾಗದಲ್ಲಿ ಕೂತಿರುತ್ತದೆ. ಅದರ ತುದಿಗೆ ಒಂದು ಕೀಲಿಕೈ ಕಟ್ಟಿ ಕೆಳಗಿಳಿಸಿದರೆ ಕೆಳಗಿನವರು ಅದಕ್ಕೆ ಹಗ್ಗ ಕಟ್ಟುತ್ತಾರೆ, ಮೇಲಿನವನು ನೂಲು ಸುತ್ತುತ್ತ ಹಗ್ಗ ಎಳೆದುಕೊಳ್ಳುತ್ತಾನೆ. ಮರದ ತುದಿಯಲ್ಲಿ ಕೂತು ಡೆಂಟಲ್ ಫ್ಲಾಸ್ ಬಿಚ್ಚುವವನನ್ನು ಕಂಡರೆ ಅವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ, ಹಗ್ಗ ಹುಡುಕಿ. ವಿದ್ಯುತ್ ತಂತಿಗೆ ಸಿಕ್ಕಿದ್ದರೆ ಮಾತ್ರ ಯಾರೂ ಹತ್ತಿರ ಹೋಗಬಾರದು, ಲೈನ್ ಕಡಿತವಾಗಿದೆ ಎಂದು ವಿದ್ಯುತ್ ಇಲಾಖೆಯವರು ಹೇಳುವ ತನಕ ಕೋಲಿನಿಂದಲೂ ಮುಟ್ಟಬಾರದು.

ಎಲ್ಲೋ ಗದ್ದೆಯಲ್ಲಿ ಒಬ್ಬರೇ ಇಳಿದವರು ತಿಳಿದಿರಬೇಕಾದ ಸಂಜ್ಞೆ ಇದೆ. ರೆಕ್ಕೆಯನ್ನು ಹರಡಿದ ಹಾಗೇ ಬಿಟ್ಟರೆ ಮೇಲೆ ಹಾರುತ್ತಿರುವ ಗೆಳೆಯರು ‘ಇವನಿಗೆ ಪೆಟ್ಟಾಗಿದೆ’ ಎಂದು ಓದಿಕೊಳ್ಳುತ್ತಾರೆ. ಬೇಗ ಮುದ್ದೆ ಮಾಡಿಟ್ಟರೆ ಕ್ಷೇಮ ಎಂದರ್ಥ. ಗದ್ದೆಯ ಬದುವಿನಲ್ಲಿ ಕೂತು ನಿಧಾನವಾಗಿ ಬಾಳೆಹಣ್ಣು ತಿಂದು ಆಮೇಲೆ ಮಡಚೋಣ ಅಂದುಕೊಂಡವರಿಗಾಗಿ ಮೂರು ಜನ ತಮ್ಮ ಹಾರಾಟ ಬಿಟ್ಟು ಇಳಿದು ಓಡಿ ಬರಬಹುದು. ಯುರೋಪಿನ ಆಲ್ಪ್ಸ್‌ನಲ್ಲಿ ಹಾರುವ ಕನ್ನಡಿಗರು ಇನ್ನೊಂದನ್ನು ನೆನಪಿಡಿ: ರಕ್ಷಣಾ ಹೆಲಿಕಾಪ್ಟರ್ ಕಂಡಾಗ ಎರಡೂ ಕೈ ಮೇಲೆತ್ತಿದರೆ ‘ಹೌದು, ಸಹಾಯ ಬೇಕು’ ಎಂದರ್ಥ. ಒಂದು ಕೈ ಮೇಲೆ ಒಂದು ಕೆಳಗೆ ಓರೆಯಾಗಿ ಹಿಡಿದರೆ ‘ಬೇಡ’. ಖುಷಿಗೆ ಎರಡೂ ಕೈ ಬೀಸಬೇಡಿ, ಹೆಲಿಕಾಪ್ಟರ್ ನಿಮಗಾಗಿಯೇ ಇಳಿಯುತ್ತದೆ.

ಇದೇ ಹಾರಾಟ ಇನ್ನೊಮ್ಮೆ

ಆ ಯುವಕನೇ ಇನ್ನೊಮ್ಮೆ ಹಾರುತ್ತಾನೆ ಅಂದುಕೊಳ್ಳೋಣ.

ಪೈಲಟ್ ಮೊದಲು ತೂಕ ಕೇಳುತ್ತಾನೆ, ಸ್ಪ್ರೆಡರ್‌ನಲ್ಲಿ ಕೊಂಡಿಯ ಜಾಗ ಹೊಂದಿಸುತ್ತಾನೆ. ಬೂಟಿನ ಲೇಸ್ ನೋಡುತ್ತಾನೆ, ಚಪ್ಪಲಿ ಇದ್ದರೆ ಬಾಡಿಗೆ ಬೂಟು ಕೊಡಿಸುತ್ತಾನೆ. ಹೆಲ್ಮೆಟ್ ಗದ್ದಕ್ಕೆ ಬಿಗಿಯುತ್ತಾನೆ. ಎರಡೂ ಕಾಲುಪಟ್ಟಿ, ಎದೆಪಟ್ಟಿ, ಎರಡೂ ಕ್ಯಾರಬಿನರ್, ಒಂದೊಂದನ್ನೂ ಕೈಯಿಂದ ಎಳೆದು ಗಟ್ಟಿಯಾಗಿ ಎಣಿಸುತ್ತಾನೆ. ಕಾಲುಪಟ್ಟಿ ಹಾಕದೆ ಹಾರಿದರೆ ಕೆಳಗೆ ಜಾರಿಬಿಡುವ ಅಪಾಯ ಇರುವುದರಿಂದ ಅದನ್ನು ಎರಡು ಸಲ. ‘ಮೊದಲನೇ ಸಲಾನಾ? ಭಯ ಇದೆಯಾ?’ ಎಂದು ಕೇಳುತ್ತಾನೆ. ಯುವಕ ಹೌದು ಅನ್ನುತ್ತಾನೆ, ಇಲ್ಲಿ ಸುಳ್ಳು ಹೇಳುವುದರಿಂದ ಏನೂ ಲಾಭವಿಲ್ಲ. ಹಾಗಾದರೆ ಬೆಳಗಿನ ಶಾಂತ ಗಾಳಿಯಲ್ಲೇ ಹೋಗೋಣ, ಮಧ್ಯಾಹ್ನದ ಥರ್ಮಲ್‌ಗೆ ಬೇಡ, ಐದು ನಿಮಿಷದ ಹಾರಾಟ ಸಾಕು ಎಂದು ಅಲ್ಲೇ ತೀರ್ಮಾನವಾಗುತ್ತದೆ. ಮೇಲೆ ಹೋಗಿ ಮನಸ್ಸು ಬದಲಾದರೆ ಹೇಳಲು ಒಂದು ಮಾತು ಗೊತ್ತುಮಾಡಿಕೊಳ್ಳುತ್ತಾರೆ, ಉತ್ತರವನ್ನೂ. ಅವನು ‘ಇಳಿಸು’ ಅಂದರೆ ಪೈಲಟ್ ಉಳಿದ ನಿಮಿಷಗಳನ್ನು ಹೇಳಬೇಕು: ನಾಲ್ಕು, ಮೂರು, ಎರಡು. ಹೆದರಿದವನಿಗೆ ‘ಏನೂ ಆಗಲ್ಲ’ ಎಂಬ ಮಾತಿಗಿಂತ ಇಳಿಯುತ್ತ ಹೋಗುವ ಈ ಅಂಕಿ ಹೆಚ್ಚು ಹಿಡಿಸುತ್ತದೆ.

ಸೆಲ್ಫಿ ಸ್ಟಿಕ್ ಹಾರ್ನೆಸ್‌ಗೆ ಕಟ್ಟಿದೆ, ವೇರಿಯೋ ಮೌನವಾಗಿದೆ. ಯುವಕ ‘ಇಳಿಸು’ ಅನ್ನುತ್ತಾನೆ. ‘ಮೂರು ನಿಮಿಷ. ದೂರದ ಹಿಮದ ಬೆಟ್ಟ ನೋಡು, ಉಸಿರು ಉದ್ದಕ್ಕೆ ಬಿಡು.’ ಕಿವಿ ಮಡಚುತ್ತಾನೆ, ಮಡಚುತ್ತೇನೆ ಎಂದು ಮೊದಲೇ ಹೇಳಿ. 50 ಮೀಟರ್ ಎತ್ತರಕ್ಕೆ ಬಂದಾಗ ಕಿವಿ ಬಿಚ್ಚಿದೆ, ಸ್ಟಿಕ್ ಎದೆಯೊಳಗೆ ಸೇರಿದೆ, ವಿಂಡ್‌ಸಾಕ್‌ನ ಬಾಯಿ ಅವರು ಸಾಗುತ್ತಿರುವ ಕಡೆಗೇ ಮುಖ ಮಾಡಿದೆ, ಅಂದರೆ ಗಾಳಿ ಎದುರಿಗಿದೆ. 25 ಮೀಟರ್‌ನಲ್ಲಿ ‘ಕಾಲು ಕೆಳಗೆ ಬಿಡು, ನಿಲ್ಲು.’ ಯುವಕ ಐದು ಮೀಟರ್ ಮೇಲಿಂದಲೇ ಗಾಳಿಯಲ್ಲಿ ಓಡಲು ಶುರುಮಾಡಿದ್ದಾನೆ, ಮಾಡಲಿ. ಎರಡು ಮೀಟರ್‌ನಲ್ಲಿ ಬ್ರೇಕ್ ಇಳಿಯುತ್ತದೆ, ‘ಓಡು, ಓಡು, ಓಡು.’ ಆರು ಹೆಜ್ಜೆ. ಪೈಲಟ್ ತಿರುಗಿ ಹಿಂದಿನ ದಾರ ಎಳೆಯುತ್ತಾನೆ, ರೆಕ್ಕೆ ಹುಲ್ಲಿನ ಮೇಲೆ ಮಲಗುತ್ತದೆ. ಕ್ಯಾರಬಿನರ್ ಬಿಚ್ಚಿಯಾದ ಮೇಲೂ, ಇಬ್ಬರೂ ಇಳಿಯುವ ಜಾಗದಿಂದ ಬದಿಗೆ ಸರಿಯುವ ತನಕ ಹೆಲ್ಮೆಟ್ ತಲೆಯ ಮೇಲೇ ಇರುತ್ತದೆ, ಏಕೆಂದರೆ ಮುಂದಿನ ಜೋಡಿ ಆಗಲೇ ತಿರುಗಿ ಇತ್ತ ಬರುತ್ತಿದೆ.